ಫಕ್ಕೀರಪ್ಪನವರ ಹನ್ನೊಂದು ತಾಸು

ಹೋದ ತಿಂಗಳು ರಾಣೆಬೆನ್ನೂರಿನ ನಮ್ಮ ಮನೆಯ ಮಾಳಿಗೆ ಮೇಲಿನ ನೀರಿನ ಟಾಕಿ ತೊಳೆಸಿದೆವು. ತೊಳೆಯಲು ಬಂದವನು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದಾಗ ಆ ವಾಸನೆ ಮೆಟ್ಟಿಲಿಳಿದು ಅಡುಗೆಮನೆಯವರೆಗೆ ಬಂತು. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈ ನಿಂತಿತು. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ ಇರಬಹುದು. ನನಗೆ ಅದು ಗುತ್ತಲದಾಚೆಯ ಒಂದು ಹಳ್ಳಿಯ ಬೆಳಗು. ಕಬ್ಬಿಣದ ಏಣಿ ಹತ್ತಿ ಟಾಕಿಯ ಬಾಯಿಗೆ ಬಗ್ಗಿದ ಒಬ್ಬ ತೆಳ್ಳಗಿನ ಮನುಷ್ಯ, ಕೆಳಗೆ ನಿಂತು ಡೈರಿಯ ಹಿಂದಿನ ಹಾಳೆಯಲ್ಲಿ ಸಮಯ ಬರೆದುಕೊಳ್ಳುತ್ತಿರುವ ನಾನು. ಆ ವರ್ಷ ನಾನೊಂದು ತಪ್ಪು ಮಾಡಿದೆ. ಅಬ್ಬಾನನ್ನು ಬಿಟ್ಟರೆ ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಈಗ ಹೇಳಬೇಕೆನ್ನಿಸಿದೆ.

ಆಗ ನಾನು ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಸೇರಿ ಒಂದೂವರೆ ವರ್ಷವಾಗಿತ್ತು. ಎರಡು ವರ್ಷದ ಪ್ರೊಬೇಷನ್ ಮುಗಿಯಲು ಇನ್ನೂ ಆರು ತಿಂಗಳಿತ್ತು. ರಾಣೆಬೆನ್ನೂರಿನಿಂದ ಮುಂಜಾನೆಯ ರೈಲು ಹಿಡಿದು ಹೋಗುತ್ತಿದ್ದೆ, ಸಂಜೆ ಬಸ್ಸಿಗೆ ಮರಳುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ರೈಲು ಬ್ಯಾಡಗಿ ಮುಟ್ಟುವ ಮೊದಲೇ ಡಬ್ಬಿಯಲ್ಲಿ ಒಬ್ಬೊಬ್ಬರಾಗಿ ಕೆಮ್ಮಲು ಶುರುಮಾಡುತ್ತಿದ್ದರು. ನಾವು ದಿನಾ ಓಡಾಡುವವರು ದುಪಟ್ಟಾದ ಚುಂಗನ್ನೋ ಸೆರಗನ್ನೋ ಮೂಗಿಗೆ ಹಿಡಿದು ಹಾಗೇ ಮಾತು ಮುಂದುವರಿಸುತ್ತಿದ್ದೆವು.

ಮನೆಯಲ್ಲಿ ನಾನು ಮತ್ತು ಅಬ್ಬಾ ಇಬ್ಬರೇ. ಅಮ್ಮಿ ನಾನು ಪಿಯುಸಿಯಲ್ಲಿದ್ದಾಗಲೇ ಹೋಗಿಬಿಟ್ಟಿದ್ದಳು. ಅಬ್ಬಾ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನನಗೆ ಕೆಲಸ ಸಿಕ್ಕಾಗ ಅವರಿಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ನನ್ನ ಪಗಾರವಲ್ಲ, ಹತ್ತರಿಂದ ಐದೂವರೆ ಎಂಬ ಹೊತ್ತು.

"ಬೇಟಿ, ನಿಮ್ಮ ಗಡಿಯಾರ ಗ್ವಾಡಿ ಮ್ಯಾಲ ಇರತೈತಿ," ಎನ್ನುತ್ತಿದ್ದರು. "ನಮ್ಮದು ಗಾಲ್ಯಾಗ ಇತ್ತು. ಗಾಲಿ ನಿಂತ್ರ ಗಡಿಯಾರನೂ ನಿಂತಂಗ. ಡಿಪೋ ಗೇಟಿನ್ಯಾಗ ನಾಕ ತಾಸು ಕುಂತರೂ ಲೆಕ್ಕಕ್ಕ ಇಲ್ಲ."

ನಗುತ್ತಲೇ ಹೇಳುತ್ತಿದ್ದರು. ನಾನೂ ನಗುತ್ತಲೇ ಕೇಳುತ್ತಿದ್ದೆ.

ದಸರಾ ಮುಗಿದ ವಾರ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಸಾರ್ವಜನಿಕ ಸೇವೆಯಲ್ಲಿರುವ ಬೇರೆ ಬೇರೆ ಹುದ್ದೆಯವರ ಕೆಲಸದ ಅವಧಿ ಮತ್ತು ವೇತನದ ತುಲನಾತ್ಮಕ ತಖ್ತೆ ತಯಾರಿಸಿ ಕಳಿಸಬೇಕು. ಹೆಸರು, ಹುದ್ದೆ, ನೇಮಕದ ಬಗೆ, ದಿನದ ಕೆಲಸದ ತಾಸು, ವಾರದ ರಜೆ, ತಿಂಗಳ ವೇತನ, ಷರಾ, ಹೀಗೆ ಏಳು ಕಾಲಂ. ಪೂರ್ಣಾವಧಿ ಎಂದು ಕಂಡವರ ಹೆಸರು ಅನುಮೋದನೆಗೆ ಹೋಗುತ್ತದೆ, ಅವರ ಸಂಬಳ ಪರಿಷ್ಕರಣೆಯಾಗುತ್ತದೆ ಎಂದು ಕೊನೆಯಲ್ಲಿ ಒಂದು ಸಾಲಿತ್ತು.

ನಮ್ಮ ವಿಭಾಗದ ಮ್ಯಾನೇಜರು ಅಂಗಡಿ ಸರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಗದರುವ ಮನುಷ್ಯನಲ್ಲ. ಮನೆಯಿಂದ ಶೇಂಗಾ ಹೋಳಿಗೆ ತಂದರೆ ಅಟೆಂಡರ್‌ನಿಂದ ಹಿಡಿದು ಎಲ್ಲರಿಗೂ ಒಂದೊಂದು ತಲುಪಬೇಕು. ಅವರು ಪತ್ರವನ್ನು ನನ್ನ ಮುಂದಿಟ್ಟರು.

"ನಸೀಮಾ, ಇದು ನಿನ್ನ ಪಾಲಿಗೆ. ಹೋದ ವರ್ಷದ್ದು ಕಪಾಟಿನ್ಯಾಗ ಐತಿ, ನೋಡಿಕೊಂಡು ಹಚ್ಚು. ಆದ್ರ ಈ ಸಲ 'ಸ್ಥಳಕ್ಕೆ ಹೋಗಿ ಪರಿಶೀಲಿಸಿ' ಅಂತ ಬರದಾರ. ನಾಕೈದು ಕಡೆ ಹೋಗಿ ಬಾ. ನಿನಗೂ ಜಿಲ್ಲಾ ನೋಡಿದಂಗ ಆಗತೈತಿ."

ಹೀಗೆ ಆ ಚಳಿಗಾಲ ನನಗೆ ಓಡಾಟದ ಕಾಲವಾಯಿತು. ಮೊದಮೊದಲು ಅದು ಹಿತವಾಗಿಯೇ ಇತ್ತು. ಫೈಲಿನ ಧೂಳು ಬಿಟ್ಟು ಹೊರಗೆ ಬಂದರೆ ಗೋವಿನಜೋಳದ ರಾಶಿಗಳು, ಹತ್ತಿ ಬಿಡಿಸುವ ಹೆಂಗಸರು, ತಣ್ಣನೆಯ ಬಿಸಿಲು. ಬ್ಯಾಡಗಿಯ ಒಂದು ಸರ್ಕಾರಿ ದವಾಖಾನೆಗೆ ಹೋದ ದಿನ ಇಬ್ಬರು ನರ್ಸುಗಳು ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ಇಬ್ಬರದೂ ಒಂದೇ ಬಿಳಿ ಕೋಟು, ಒಂದೇ ವಾರ್ಡು, ಒಂದೇ ಪಾಳಿ. ಮಾರ್ಕೆಟ್ ಯಾರ್ಡಿನ ಹಮಾಲರು ಉಸಿರಾಟದ ತೊಂದರೆ ಅಂತ ಸಾಲುಗಟ್ಟಿ ಬರುವ ತಿಂಗಳು ಅದು. ಇಬ್ಬರಿಗೂ ಕುಳಿತು ತಿನ್ನಲು ಸಮಯ ಇರಲಿಲ್ಲ, ನಿಂತೇ ತಿನ್ನುತ್ತಿದ್ದರು. ನಾನು ನೇಮಕದ ಬಗೆ ಕೇಳಿದೆ. ಒಬ್ಬಾಕೆ ಕಾಯಂ, ಇನ್ನೊಬ್ಬಾಕೆ ಗುತ್ತಿಗೆ. ಸಂಬಳ ಕೇಳಿದೆ. ಗುತ್ತಿಗೆಯವಳದು ಕಾಯಂನವಳದರ ಅರ್ಧಕ್ಕಿಂತ ಕಡಿಮೆ. ಹೇಳಿದವಳಿಗಿಂತ ಕೇಳಿದ ಇನ್ನೊಬ್ಬಾಕೆಗೇ ಹೆಚ್ಚು ಸಂಕೋಚವಾದಂತೆ ಕಂಡಿತು. ಡಬ್ಬಿಯಲ್ಲಿ ಉಳಿದಿದ್ದ ಅನ್ನವನ್ನು ಗೆಳತಿಯ ಕಡೆಗೆ ಸರಿಸಿದಳು.

"ಪೇಶಂಟ್‌ಗೆ ಗೊತ್ತಾಗೂದಿಲ್ಲ ಬಿಡ್ರಿ, ಯಾರು ಗುತ್ತಿಗಿ ಯಾರು ಕಾಯಂ ಅಂತ," ಎಂದಳು ಗುತ್ತಿಗೆಯವಳು. "ಸಿರಿಂಜ್‌ಗೂ ಗೊತ್ತಾಗೂದಿಲ್ಲ. ನಿಮ್ಮ ಕಾಗದಕ್ಕ ಅಷ್ಟ ಗೊತ್ತು."

ಹೊಸರಿತ್ತಿ ಕಡೆ ಒಬ್ಬ ಆಶಾ ಕಾರ್ಯಕರ್ತೆ ಸಿಕ್ಕಳು, ಗಂಗವ್ವ ಎಂದು. ಮಗುವಿಗೆ ಲಸಿಕೆ ಹಾಕಿಸಲು ಒಲ್ಲೆ ಎನ್ನುವ ಒಂದು ಮನೆಗೆ ನಾಲ್ಕನೇ ಸಲ ಹೊರಟಿದ್ದಳು. ನಾನೂ ಜೊತೆಗೆ ನಡೆದೆ. ಹಳೆಯ ತಖ್ತೆಯಲ್ಲಿ ಅವಳ ಹೆಸರಿನ ಮುಂದೆ ತಾಸಿನ ಕಾಲಂನಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು. ಅವಳದು ಸೇವೆ, ಕೊಡುವುದು ಗೌರವಧನ, ಹಾಗಾಗಿ ತಾಸು ಬರೆಯುವ ಪದ್ಧತಿ ಇಲ್ಲ. ಆದರೂ ಕೇಳಿದೆ, ದಿನಕ್ಕೆ ಎಷ್ಟು ತಾಸಾಗುತ್ತದೆ ಎಂದು.

ಗಂಗವ್ವ ನಿಂತಳು. "ಅಕ್ಕಾರ, ತಾಸು ಎಣಸಬ್ಯಾಡ್ರಿ. ಖರೇನ ಹೇಳತೇನಿ. ಎಣಿಸಿ ನನಗ ಗೊತ್ತಾತು ಅಂದ್ರ ನಾಳಿಂದ ನಾ ಈ ಕೆಲಸಕ್ಕ ಬರಾಕಿ ಅಲ್ಲ. ಬರಲಿಲ್ಲ ಅಂದ್ರ ಈ ಕೂಸಿಗೆ ಸೂಜಿ ಹಾಕಸಾವ್ರು ಯಾರು?"

ನಾನು ಅಡ್ಡಗೆರೆಯನ್ನೇ ಬರೆದುಕೊಂಡೆ. ಆ ಸಂಜೆ ಬಸ್ಸಿನಲ್ಲಿ ಕುಳಿತು ನನ್ನ ಸಂಬಳವನ್ನೂ ನನ್ನ ಏಳೂವರೆ ತಾಸನ್ನೂ, ಊಟದ ಅರ್ಧ ತಾಸು ಕಳೆದರೆ ಏಳು, ಮನಸ್ಸಿನಲ್ಲೇ ಅವಳ ಸಾಲಿನ ಪಕ್ಕಕ್ಕಿಟ್ಟು ನೋಡಿದೆ. ನೋಡಬಾರದಿತ್ತು ಅನ್ನಿಸಿತು.

ಡಿಸೆಂಬರಿನಲ್ಲಿ ಫಕ್ಕೀರಪ್ಪನವರ ಸರದಿ ಬಂತು. ಗುತ್ತಲ ದಾಟಿ ಹೊಳೆಯ ಕಡೆಗಿರುವ ಆ ಹಳ್ಳಿಯ ಹೆಸರು ಬೇಡ. ಅವರು ಅಲ್ಲಿನ ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವವರು. ಹಳೆಯ ತಖ್ತೆಯಲ್ಲಿ 'ಅರೆಕಾಲಿಕ, ನಾಲ್ಕು ತಾಸು' ಎಂದಿತ್ತು. ನಾಲ್ಕು ತಾಸೆಂದರೆ ಎಲ್ಲಿಂದ ಎಲ್ಲಿಗೆ ಎಂದು ನೋಡೋಣವೆಂದು ಹಿಂದಿನ ದಿನ ಹಾವೇರಿಯಲ್ಲಿ ಗೆಳತಿಯ ರೂಮಿನಲ್ಲಿ ಉಳಿದು, ಮೊದಲ ಬಸ್ಸಿಗೆ ಗುತ್ತಲಕ್ಕೆ ಬಂದು, ಅಲ್ಲಿಂದ ಟಂಟಂ ಹತ್ತಿ ಹೋದೆ. ತಲುಪಿದಾಗ ಆರೂವರೆ. ಮಂಜು ಇನ್ನೂ ಹೊಳೆಯ ಮೇಲೆಯೇ ಇತ್ತು.

ಅವರು ಟಾಕಿಯ ಮೇಲಿದ್ದರು. ಕೆಳಗೆ ಬ್ಲೀಚಿಂಗ್ ಪೌಡರಿನ ವಾಸನೆ ಗಾಢವಾಗಿ ನಿಂತಿತ್ತು. ನಾನು ಯಾರೆಂದು ಕೂಗಿ ಹೇಳಿದೆ. ಅವರು ಅವಸರ ಮಾಡದೆ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಐವತ್ತರ ಆಸುಪಾಸಿನ ತೆಳ್ಳನೆಯ ಆಳು, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೊಣಕಾಲವರೆಗೆ ಮಡಚಿದ ಪ್ಯಾಂಟು. ಹೆಗಲ ಮೇಲೆ ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ.

"ಎಷ್ಟೊತ್ತಿಗೆ ಬಂದ್ರಿ?" ಎಂದು ಕೇಳಿದೆ.

"ಐದಕ್ಕ ಮೋಟಾರ್ ಚಾಲೂ ಮಾಡೇನ್ರಿ," ಎಂದರು. ಆಮೇಲೆ ಹಾಲಿನ ಡೇರಿಯವರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಐದೇ.

ಆ ಊರಿನಲ್ಲಿ ಎಂಟು ಓಣಿ. ಒಂದೊಂದು ಓಣಿಗೂ ಒಂದೊಂದು ವಾಲ್. ಎಲ್ಲಕ್ಕೂ ಒಟ್ಟಿಗೆ ಬಿಟ್ಟರೆ ಎತ್ತರದ ಓಣಿಗೆ ಹನಿಯೂ ಏರುವುದಿಲ್ಲ. ಹಾಗಾಗಿ ಒಂದು ತೆರೆದು, ಕಾದು, ಮುಚ್ಚಿ, ಮುಂದಿನದಕ್ಕೆ ನಡೆಯಬೇಕು. ನಡುವೆ ಕರೆಂಟು ಹೋದರೆ ಹೊಳೆದಂಡೆಯ ಮೋಟಾರಿನವರೆಗೆ ಸೈಕಲ್ಲು ತುಳಿಯಬೇಕು. ಅಂದು ಎರಡು ಸಲ ಹೋಯಿತು. ಕೆಳಗಿನ ಓಣಿಯಲ್ಲಿ ಪೈಪು ಸೋರುತ್ತಿತ್ತು. ಮಣ್ಣು ತೋಡಿ, ಹಳೆಯ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿ ನಿಲ್ಲಿಸಿದರು. ಆಮೇಲೆ ಕುಡಿಯುವ ನೀರಿನ ಘಟಕದ ಬಾಗಿಲು ತೆರೆದರು. ಆಮೇಲೆ ಗ್ರಾಮ ಪಂಚಾಯಿತಿ ಕಚೇರಿಯ ಕಸ ಹೊಡೆದರು. ಹನ್ನೊಂದಕ್ಕೆ ಸಭೆಯಿತ್ತು, ಚಹಾ ತಂದುಕೊಟ್ಟವರೂ ಅವರೇ. ನಾನು ಹಿಂದೆ ಹಿಂದೆ ತಿರುಗಿದೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಡೈರಿಯ ಹಿಂದಿನ ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆ ಸಮಯ ಬರೆದುಕೊಳ್ಳುತ್ತ ಹೋದೆ.

ಒಂದು ಗಂಟೆಗೆ ಅವರು ಮನೆಗೆ ಕರೆದರು. ಹೆಂಡತಿ ಹನುಮವ್ವ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಪಕ್ಕದ ಓಣಿಯಿಂದ ಮಗಳು ಕೂಸನ್ನು ಎತ್ತಿಕೊಂಡು ಬಂದು ನನ್ನನ್ನು ನೋಡಿ ಹೋದಳು.

"ಊರಾಗ ಕೊಟ್ಟೀರಲ್ಲ ಮಗಳನ್ನ," ಎಂದೆ, ಮಾತಿಗೆ.

"ಹೊರಗಿಂದ ಚಲೋ ಮನಿತನ ಬಂದಿದ್ವು," ಎಂದರು ಫಕ್ಕೀರಪ್ಪ. "ಆದ್ರ ಕೊಟ್ಟ ಮ್ಯಾಲ ನೋಡಾಕ ಹೋಗಬೇಕಲ್ರಿ. ಈ ಕೆಲಸಕ್ಕ ಬಂದು ಹತ್ತೊಂಬತ್ತು ವರ್ಷ ಆತು, ನಾ ಬ್ಯಾರೆ ಊರಾಗ ಒಂದ ರಾತ್ರಿ ಉಳದಿಲ್ಲ. ಹೋದ್ರ ನೀರ ಬಿಡಾವ್ರು ಯಾರು? ಅದಕ್ಕ ನಡದು ಹೋಗುವಷ್ಟು ದೂರಕ್ಕ ಕೊಟ್ಟೆ."

ದೂರುವ ದನಿ ಅದರಲ್ಲಿ ಇರಲಿಲ್ಲ. ಗಂಡಿನ ಮನೆ ಹೇಗೆ ಆರಿಸಿದೆ ಎಂದು ಹೇಳುವ ತಂದೆಯ ದನಿ ಅಷ್ಟೆ. ಊಟ ಮುಗಿಸಿ ಅವರು ನನ್ನ ಡೈರಿಯ ಕಡೆ ನೋಡಿದರು.

"ಈಗ ನಾ ಮಲಗತೇನ್ರಿ, ನಾಕಕ್ಕ ಏಳತೇನಿ. ಈ ಮೂರು ತಾಸು ಹಚ್ಚಬ್ಯಾಡ್ರಿ. ಸುಳ್ಳ ತಾಸು ನನಗ ಬ್ಯಾಡ."

ನಾಲ್ಕಕ್ಕೆ ಎದ್ದರು. ಮತ್ತೆ ಮೋಟಾರು, ಶಾಲೆಯ ಟಾಕಿ, ದನದ ನೀರಿನ ತೊಟ್ಟಿ. ಹೊತ್ತು ಮುಳುಗುವಾಗ ಓಣಿ ಓಣಿಗೆ ಹೋಗಿ ಬೀದಿದೀಪದ ಸ್ವಿಚ್ಚು ಹಾಕಿದರು. ಕೊನೆಯ ದೀಪ ಹತ್ತಿದಾಗ ಏಳು ಗಂಟೆ. ಬೆಳಿಗ್ಗೆ ಐದರಿಂದ ಒಂದು, ಸಂಜೆ ನಾಲ್ಕರಿಂದ ಏಳು. ಹನ್ನೊಂದು ತಾಸು. ಕೊನೆಯ ಬಸ್ಸಿಗೆ ನನ್ನನ್ನು ಹತ್ತಿಸಲು ಬಂದು ನಿಂತಾಗ ಅವರು ಕೇಳಿದರು.

"ಹೋದ ಸಲ ನಾಕ ತಾಸು ಅಂತ ಯಾರು ಬರದಿದ್ರಿ?"

"ಗೊತ್ತಿಲ್ರಿ."

"ಒಂದ್ ದಿವಸ ಬಂದು ನೋಡಿದ್ರ ಹಂಗ ಬರೀತಿದ್ದಿಲ್ಲ."

ನಾನು ಹೌದೆಂದೆ. ತಖ್ತೆಯಲ್ಲಿ ಅವರ ಹೆಸರಿನ ಮುಂದೆ 'ಪೂರ್ಣಾವಧಿ, ಹನ್ನೊಂದು' ಎಂದು ಬರೆದೆ. ವಾರದ ರಜೆಯ ಕಾಲಂನಲ್ಲಿ 'ಇಲ್ಲ' ಎಂದು ಬರೆದೆ. ಅವರ ತಿಂಗಳ ದುಡ್ಡನ್ನು ಐದು ಸಲ ಕೂಡಿಸಿದರೂ ನನ್ನ ಸಂಬಳ ಮುಟ್ಟುತ್ತಿರಲಿಲ್ಲ.

ತಖ್ತೆ ಅಂಗಡಿ ಸರ್ ಟೇಬಲ್ಲಿಗೆ ಹೋಯಿತು. ಎರಡು ದಿನ ಅಲ್ಲೇ ಇತ್ತು. ಮೂರನೇ ದಿನ ಚಹಾದ ಹೊತ್ತಿಗೆ ಕರೆದು ಎದುರಿಗೆ ಕೂರಿಸಿದರು.

"ಚಲೋ ಕೆಲಸ ಮಾಡೀದಿ. ಇಷ್ಟು ನೋಡಿ ಬರದಾವ್ರನ್ನ ನಾ ಕಂಡಿಲ್ಲ," ಎಂದರು. ಪೆನ್ನಿನ ತುದಿಯನ್ನು ಹನ್ನೊಂದರ ಮೇಲಿಟ್ಟರು. "ಆದ್ರ ಇದೊಂದು ಸಾಲು ನೋಡು. ಹತ್ತೊಂಬತ್ತು ವರ್ಷ ನಾಕು ಅಂತ ಹೋಗೈತಿ. ಈಗ ಒಮ್ಮೆಲೆ ಹನ್ನೊಂದಾದ್ರ ಮ್ಯಾಲಿನಾವ್ರು ಏನ ಕೇಳ್ತಾರ? ಇಷ್ಟು ದಿವಸ ಯಾಕ ಕೊಟ್ಟಿಲ್ಲ ಅಂತಾರ. ಹಿಂದ ಸಹಿ ಮಾಡಿದವ್ರೆಲ್ಲಾ ಉತ್ತರಾ ಕೊಡಬೇಕು. ನಾನೂ ಅದರಾಗ ಅದೇನಿ."

ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ನಿನಗ ನಾ ಹೆದರಸಾಕತ್ತಿಲ್ಲ, ತಂಗಿ. ನಿನ್ನ ಪ್ರೊಬೇಷನ್ ಫೈಲು ಮುಂದಿನ ತಿಂಗಳು ಹೋಗತೈತಿ. ಅದರಾಗ ಒಂದು ಕಪ್ಪು ಚುಕ್ಕಿ ಬ್ಯಾಡ ಅಂತ ಹೇಳಾಕತ್ತೇನಿ. ನಾಕು ಅಂತ ಬರದ್ರ ಯಾರಿಗೂ ತ್ರಾಸಿಲ್ಲ."

ಅವರು ಗದರಿದ್ದರೆ ಬಹುಶಃ ನಾನು ಎದುರು ಮಾತಾಡುತ್ತಿದ್ದೆ. ಸೀಟಿಗೆ ಬಂದು ಹೊಸ ಹಾಳೆ ತೆಗೆದೆ. ಬೇರೆ ಸಾಲುಗಳನ್ನೆಲ್ಲ ಇದ್ದ ಹಾಗೆ ಬರೆದೆ. ಆ ಸಾಲಿನಲ್ಲಿ 'ಅರೆಕಾಲಿಕ, ನಾಲ್ಕು' ಎಂದು ಬರೆದು, 'ಸ್ಥಳ ಪರಿಶೀಲಿಸಲಾಗಿದೆ' ಎಂದು ಷರಾ ಹಾಕಿ ಸಹಿ ಮಾಡಿದೆ. ಹಿಮ್ಮಡಿಯ ಬೊಬ್ಬೆ ಆಗಿನ್ನೂ ಮಾಗಿರಲಿಲ್ಲ.

ಅಬ್ಬಾನಿಗೆ ಹೇಳಲಿಲ್ಲ.

ಜನವರಿ ಕೊನೆಗೆ ಆದೇಶ ಬಂತು. ಪೂರ್ಣಾವಧಿಯವರ ಪಟ್ಟಿಗೆ ಅನುಮೋದನೆ. ಅರೆಕಾಲಿಕರನ್ನು ಪರಿಗಣಿಸಲು ಅವಕಾಶವಿಲ್ಲ. ಫೆಬ್ರುವರಿಯ ಒಂದು ಮಧ್ಯಾಹ್ನ ನಮ್ಮ ವಿಭಾಗದ ಬಾಗಿಲಲ್ಲಿ ಫಕ್ಕೀರಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕಾಗದ. ಸಂಜೆಯ ನೀರು ಬಿಡುವುದರೊಳಗೆ ಮರಳಬೇಕೆಂದು ಮೊದಲೇ ಹೇಳಿದರು.

"ಅಕ್ಕಾರ, ಇದರಾಗ ನಂದು ಅರ್ಧಾ ವ್ಯಾಳ್ಯಾ ಅಂತ ಬಂದೈತ್ರಿ. ಕಂಪ್ಯೂಟರಿನ್ಯಾಗ ತಪ್ಪಾಗೇತೇನು ಅಂತ ಕೇಳಾಕ ಬಂದೆ. ನೀವಂತೂ ನೋಡೀರಿ."

ಕಂಪ್ಯೂಟರಿನ ತಪ್ಪೆಂದು ಹೇಳಿ ಕಳಿಸಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರನ್ನು ವರಾಂಡಕ್ಕೆ ಕರೆದುಕೊಂಡು ಹೋದೆ.

"ಕಂಪ್ಯೂಟರಿನ ತಪ್ಪಲ್ರಿ. ನಾನ ಬರದೇನಿ. ಮೊದಲು ಹನ್ನೊಂದು ಬರದಿದ್ದೆ. ಆಮ್ಯಾಲ ನಾಕು ಬರದೆ."

ಅವರು ಸ್ವಲ್ಪ ಹೊತ್ತು ಕಾಗದ ನೋಡಿದರು. ಸಿಟ್ಟು ಬರಲಿ ಎಂದು ನಾನು ಕಾಯುತ್ತಿದ್ದೆ. ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು.

"ನಿಮಗ ಆ ದಿವಸ ಕಾಲು ನೋಯಾಕತ್ತಿದ್ವು," ಎಂದರು. "ನೀವು ಹೇಳಲಿಲ್ಲ, ಆದ್ರ ನಾ ನೋಡಿದ್ದೆ. ಕಡೀ ಓಣಿಗೆ ಬ್ಯಾಡ ಬಿಡ್ರಿ ಅಂತ ಹೇಳಬೇಕಂತ ಮಾಡಿದ್ದೆ."

ಅಷ್ಟು ಹೇಳಿ ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿ ಕಿಸೆಗಿಟ್ಟುಕೊಂಡರು. ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟರು.

ಅವರು ಅಲ್ಲಿಗೆ ಬಿಡಲಿಲ್ಲ. ಊರಿನ ಹೈಸ್ಕೂಲು ಮಾಸ್ತರರೊಬ್ಬರು ಅರ್ಜಿ ಬರೆದುಕೊಟ್ಟರು, ಅದು ಕಾರ್ಮಿಕ ಅಧಿಕಾರಿಯ ಮುಂದೆ ಹೋಯಿತು. ವಿಚಾರಣೆಗೆ ದಾಖಲೆ ಸಮೇತ ಹಾಜರಾಗಬೇಕೆಂದು ನಮ್ಮ ಕಚೇರಿಗೆ ನೋಟಿಸು ಬಂತು. ತಖ್ತೆ ಬರೆದವಳು ನಾನಾದ್ದರಿಂದ ನನ್ನನ್ನೇ ಕಳಿಸುವುದೆಂದಾಯಿತು.

"ಏನೂ ಮಾತಾಡೂದು ಬ್ಯಾಡ," ಎಂದರು ಅಂಗಡಿ ಸರ್. "ಫೈಲು ಕೊಡು. ಕೇಳಿದ್ರ ತಖ್ತೆಯೊಳಗ ಇದ್ದಂಗ ಓದು. ಮುಗೀತು."

ವಿಚಾರಣೆಯ ಹಿಂದಿನ ಸಂಜೆ ನಾನು ಅಬ್ಬಾನ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅವರು ಅಂಗಳದಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದರು. ಕೊಡ ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಂವ ಆ ಮೂರು ತಾಸು ಹಚ್ಚಬ್ಯಾಡ ಅಂದ್ನ?"

"ಹೌದು ಅಬ್ಬಾ."

"ಅಂಥಾವನ ತಾಸು ತಿಂದ್ರ ದಕ್ಕೂದಿಲ್ಲ, ಬೇಟಿ," ಎಂದು ಮತ್ತೆ ಕೊಡ ಎತ್ತಿಕೊಂಡರು. ನನ್ನ ನೌಕರಿಯ ಬಗ್ಗೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ನನಗಿಷ್ಟದ ಖೀಮಾ ತಾವೇ ಮಾಡಿದರು.

ಏಪ್ರಿಲ್ ತಿಂಗಳು. ಹಾವೇರಿಯ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ವಿಚಾರಣೆಯ ಕೋಣೆ ಚಿಕ್ಕದು, ಫ್ಯಾನು ತಿರುಗುತ್ತಿದ್ದರೂ ಗಾಳಿ ಇರಲಿಲ್ಲ. ಅಧಿಕಾರಿ ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ದೊಡ್ಡವರು. ಗೋಡೆಯ ಬದಿಯ ಬೆಂಚಿನಲ್ಲಿ ಫಕ್ಕೀರಪ್ಪ, ಪಕ್ಕದಲ್ಲಿ ಮಾಸ್ತರರು. ಫಕ್ಕೀರಪ್ಪ ನನಗೆ ನಮಸ್ಕಾರ ಮಾಡಿದರು. ನಾನು ಫೈಲನ್ನು ಮೇಜಿನ ಮೇಲಿಟ್ಟೆ.

ಅಧಿಕಾರಿ ಫೈಲು ತಿರುವಿದರು. "ನಾಲ್ಕು ಗಂಟೆ ಎಂದು ಬರೆದವರು ಯಾರು?"

"ನಾನೇ ಮೇಡಂ."

"ಷರಾದಲ್ಲಿ ಸ್ಥಳ ಪರಿಶೀಲನೆ ಎಂದಿದೆ. ನೀವು ನಿಜವಾಗಿ ಹೋಗಿದ್ದಿರಾ?"

"ಹೋಗಿದ್ದೆ. ಬೆಳಿಗ್ಗೆ ಆರೂವರೆಯಿಂದ ಸಂಜೆ ಏಳರವರೆಗೆ ಇದ್ದೆ."

ಅವರು ತಲೆ ಎತ್ತಿ ನೋಡಿದರು. "ನಾಲ್ಕು ಗಂಟೆಯ ಕೆಲಸ ನೋಡಲು ಇಡೀ ದಿನ ಇದ್ದಿರಾ?"

ಚೀಲದಿಂದ ಡೈರಿ ತೆಗೆದು ಹಿಂದಿನ ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟೆ. "ನಾಲ್ಕು ಎಂಬುದು ತಪ್ಪು ಮೇಡಂ. ನಾನು ಕಂಡದ್ದು ಹನ್ನೊಂದು. ಇದರಲ್ಲಿ ಒಂದೊಂದು ಕೆಲಸಕ್ಕೂ ಸಮಯ ಇದೆ. ಗೊತ್ತಿದ್ದೂ ನಾಲ್ಕು ಎಂದು ಬರೆದೆ."

"ಯಾರಾದರೂ ಹಾಗೆ ಬರೆಯಲು ಹೇಳಿದರಾ?"

ಅಂಗಡಿ ಸರ್ ಕೊಟ್ಟ ಹೋಳಿಗೆ, ಅವರ ಮೆತ್ತನೆಯ ದನಿ, ಅವರಿಗೆ ಉಳಿದ ಎರಡು ವರ್ಷ, ಎಲ್ಲ ಒಟ್ಟಿಗೆ ನೆನಪಾಯಿತು. "ಸಹಿ ನನ್ನದು ಮೇಡಂ," ಎಂದಷ್ಟೇ ಹೇಳಿದೆ. ಅದು ಪೂರ್ತಿ ಸತ್ಯವಲ್ಲವೆಂದು ನನಗೂ ಗೊತ್ತಿತ್ತು, ಬಹುಶಃ ಅವರಿಗೂ. ಅವರು ಒತ್ತಾಯಿಸಲಿಲ್ಲ. ಡೈರಿಯ ಆ ಹಾಳೆಯನ್ನು ಎರಡು ಸಲ ಓದಿದರು.

"ಒಂದರಿಂದ ನಾಲ್ಕು ಗಂಟೆ ಬಿಟ್ಟಿದ್ದೀರಲ್ಲ?"

ಬೆಂಚಿನಿಂದ ಫಕ್ಕೀರಪ್ಪ ಎದ್ದು ನಿಂತರು. "ಅದು ನಾ ಮಲಗೂ ವ್ಯಾಳ್ಯಾರಿ. ಅದನ್ನ ಬಿಡ್ರಿ ಅಂತ ನಾನ ಹೇಳೇನಿ."

ಅಧಿಕಾರಿ ಅದನ್ನೂ ಬರೆದುಕೊಂಡರು. ಆದರೆ ಅಲ್ಲಿಗೆ ವಿಚಾರಣೆ ಮುಗಿಯಿತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ನನಗೆ ಕಾರಣ ಕೇಳಿ ನೋಟಿಸು ಬಂತು. ಸುಳ್ಳು ಮಾಹಿತಿ ದಾಖಲಿಸಿದ್ದು ನಿಜವೇ ಆದ್ದರಿಂದ ಕಾರಣ ಬರೆಯುವುದು ಕಷ್ಟವಾಗಲಿಲ್ಲ. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಅಂಗಡಿ ಸರ್ ಅವರಿಗೂ ವಿವರಣೆ ಕೇಳಿದರು. ಮೂರು ವಾರ ಅವರು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ನನ್ನ ಹೆಸರು ಹೇಳಲಿಲ್ಲಂತ."

"ಇಲ್ರಿ ಸರ್."

"ಹೇಳಬಹುದಿತ್ತು." ಕಿಟಕಿಯ ಹೊರಗೆ ನೋಡುತ್ತ ನಿಂತರು. "ನೌಕರಿಗೆ ಸೇರಿದ ವರ್ಷ ನಾನೂ ಒಬ್ಬ ಜಾಡಮಾಲಿದು ಹಿಂಗ ಖರೇ ಬರದಿದ್ದೆ. ನಮ್ಮ ಸಾಹೇಬ್ರು ಹರದು ಬುಟ್ಟಿಗೆ ಹಾಕಿದ್ರು. ನಾ ಮತ್ತ ಬರೀಲಿಲ್ಲ." ಅಷ್ಟು ಹೇಳಿ ತಮ್ಮ ಸೀಟಿಗೆ ಹೋದರು. ಅಂದಿನಿಂದ ಮೊದಲಿನಂತೆ ಮಾತಾಡತೊಡಗಿದರು.

ಜೂನ್ ಮೊದಲ ವಾರ ಫಕ್ಕೀರಪ್ಪನವರ ಆದೇಶವಾಯಿತು. ಪೂರ್ಣಾವಧಿ, ದಿನಕ್ಕೆ ಎಂಟು ತಾಸು, ವಾರಕ್ಕೊಂದು ರಜೆ. ಮಿಕ್ಕ ಹೊತ್ತಿಗೂ ರಜೆಯ ದಿನಕ್ಕೂ ಇನ್ನೊಬ್ಬರನ್ನು ನೇಮಿಸಿಕೊಳ್ಳಬೇಕು. ಹಿಂದಿನ ವರ್ಷಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಆಶಾ ಗಂಗವ್ವನ ಅಡ್ಡಗೆರೆ, ಬ್ಯಾಡಗಿಯ ಗುತ್ತಿಗೆ ನರ್ಸಿನ ಅರ್ಧ ಸಂಬಳ ಇದ್ದ ಹಾಗೇ ಇದ್ದವು. ಅವರ ಸಾಲುಗಳಲ್ಲಿ ನಾನು ಸುಳ್ಳು ಬರೆದಿರಲಿಲ್ಲ, ಆದರೆ ನಿಜ ಬರೆದದ್ದರಿಂದಲೂ ಏನೂ ಆಗಲಿಲ್ಲ. ಇದು ಈಗಲೂ ನನ್ನನ್ನು ಚುಚ್ಚುತ್ತದೆ.

ಆ ತಿಂಗಳ ಕೊನೆಗೆ ಫಕ್ಕೀರಪ್ಪ ಫೋನು ಮಾಡಿ, "ಒಂದ್ ಐತವಾರ ಊಟಕ್ಕ ಬರ್ರಿ, ನಿಮ್ಮ ತಂದೀನೂ ಕರಕೊಂಡು ಬರ್ರಿ," ಎಂದರು. ಅಬ್ಬಾನಿಗೆ ಮೊಣಕಾಲು ನೋವು, ಬರಲಿಲ್ಲ. ನಾನೊಬ್ಬಳೇ ಹೋದೆ. ಮುಂಗಾರಿನ ಮೊದಲ ಮಳೆಗಳು ಬಿದ್ದು ಹೊಲಗಳಲ್ಲಿ ಬಿತ್ತನೆ ಮುಗಿಯುತ್ತ ಬಂದಿತ್ತು. ಹೊಳೆಯ ನೀರು ಕೆಂಪಾಗಿತ್ತು. ಹನುಮವ್ವ ಕರಿಗಡಬು ಮಾಡಿದ್ದಳು. ಫಕ್ಕೀರಪ್ಪ ಹೊಸ ಲುಂಗಿ ಉಟ್ಟು ಪಡಸಾಲೆಯಲ್ಲಿ ಕುಳಿತಿದ್ದರು, ಆದರೆ ನೆಟ್ಟಗೆ ಕುಳಿತಿರಲಿಲ್ಲ. ನಿಮಿಷಕ್ಕೊಮ್ಮೆ ಬಾಗಿಲ ಕಡೆ ಕಿವಿ.

"ಇವತ್ತ ಶಿವಪ್ಪನ ಪಾಳಿ," ಎಂದರು. "ಹೊಸದಾಗಿ ಬಂದಾನ. ಮೂರನೇ ವಾಲ್ ಸ್ವಲ್ಪ ಬಿಗಿ ಐತಿ, ಹೇಳೇನಿ."

ತಟ್ಟೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ನಾಲ್ಕಾರು ಜನ ಬಂದು ನಿಂತರು. ಖಾಲಿ ಕೊಡ ಹಿಡಿದಿದ್ದ ಒಬ್ಬಾತ ಮುಂದೆ ಬಂದ.

"ಫಕ್ಕೀರಪ್ಪಣ್ಣ, ಮ್ಯಾಲಿನ ಓಣಿಗೆ ನೀರ ಬಂದಿಲ್ಲ. ಲಗೂ ಬಾ."

ಫಕ್ಕೀರಪ್ಪ ಆಗಲೇ ಎದ್ದು ಚಪ್ಪಲಿಗೆ ಕಾಲು ಹಾಕಿದ್ದರು. ಹನುಮವ್ವ ಸೌಟು ಹಿಡಿದುಕೊಂಡೇ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಶಿವಪ್ಪನ್ನ ಕೇಳ್ರಿ. ಇವತ್ತ ಇವರಿಗೆ ಸೂಟಿ ಐತಿ."

"ಹತ್ತೊಂಬತ್ತು ವರ್ಷ ಇಲ್ಲದ ಸೂಟಿ ಈಗೆಲ್ಲಿಂದ ಬಂತಬೇ?" ಎಂದ ಅವನು. ಹಿಂದಿದ್ದವರು ನಕ್ಕರು.

ಹನುಮವ್ವ ನಗಲಿಲ್ಲ. "ಹತ್ತೊಂಬತ್ತು ವರ್ಷದ್ದು ಒಮ್ಮೆಲೆ ಕೊಡ್ರಿ ಅಂತ ಕೇಳಾಕತ್ತಿಲ್ಲಪ್ಪ. ಒಂದ ದಿವಸದ್ದು ಕೇಳಾಕತ್ತೇವಿ."

ಬಂದವರು ಶಿವಪ್ಪನನ್ನು ಹುಡುಕಿಕೊಂಡು ಹೋದರು. ಫಕ್ಕೀರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ತಟ್ಟೆಯ ಮುಂದೆ ಕುಳಿತರು. ಕಡಬು ಮುರಿದರೂ ಬಾಯಿಗಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಲಿನ ಓಣಿಯ ಕಡೆಯಿಂದ ಕೊಡಗಳ ಸದ್ದು, ಹೆಂಗಸರ ಮಾತು ಕೇಳಿಸಿತು.

"ಬಂತು," ಎಂದು ಫಕ್ಕೀರಪ್ಪ ಊಟಕ್ಕೆ ಶುರು ಮಾಡಿದರು.